ಚಕ್ರಧರ ಆಚಾರ್ಯರು ಸತ್ಸಂಗದಲ್ಲಿ ಎದ್ದು ನಿಂತದ್ದು

ನಮ್ಮ ಬೆಟ್ಟದೂರು ಕುಂಡಸೌಡದಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಬರುವ ಮಾತು ಒಂದೇ: ಅವರವರ ಕರ್ಮ. ಬಸ್ಸು ಕಣಿವೆಗೆ ಉರುಳಿದರೂ ಅದೇ, ಹೆರಿಗೆಗೆಂದು ಹೊತ್ತೊಯ್ಯುತ್ತಿದ್ದ ಹೆಂಗಸು ದಾರಿಯಲ್ಲೇ ಪ್ರಾಣ ಬಿಟ್ಟರೂ ಅದೇ. ಆ ಮಾತು ಆಡಿದವರಿಗೆ ಏನೂ ಕಳೆದುಹೋಗುವುದಿಲ್ಲ. ಚಹಾ ಮುಗಿಸಿ, ಲೋಟ ಕೆಳಗಿಟ್ಟು, ಮೊಣಕಾಲು ಹಿಡಿದುಕೊಂಡು ಎದ್ದು ಮನೆಗೆ ಹೋಗಬಹುದು. ನನ್ನ ಗುರುಗಳು ಆಚಾರ್ಯ ಚಕ್ರಧರ ಬಹುಖಂಡಿಯವರು ತೀರಿಕೊಂಡಾಗಲೂ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತವರು ಹಾಗೆಯೇ ಅಂದರು. ಉಂಡ ಮನೆಗೆ ಎರಡು ಬಗೆದರು, ಬಾಡಿಗೆ ಕೋಣೆಯಲ್ಲಿ ಸತ್ತರು, ಕರ್ಮ ಬಿಡುತ್ತದೆಯೇ ಎಂದರು. ಅದನ್ನು ಕೇಳಿದಾಗ ಹೊತ್ತಿಕೊಂಡ ಮೈ ಇನ್ನೂ ಆರಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಆಚಾರ್ಯರ ತಂದೆ ಬೆಟ್ಟದ ಮೇಲಿನ ಹಳ್ಳಿಯ ಬಡ ಪುರೋಹಿತರು. ಚಳಿಗಾಲಕ್ಕೆಂದು ಹುಲ್ಲು ಕೊಯ್ಯಲು ಹೋದವರು ಕಡಿದಾದ ಇಳಿಜಾರಿನಲ್ಲಿ ಕಾಲು ಜಾರಿ ಹೋದರು. ತಾಯಿ ಮಗನನ್ನು ಕೈಹಿಡಿದು ಭಾಗೀರಥಿಯ ದಂಡೆಗೆ ಇಳಿಸಿಕೊಂಡು ಬಂದು, ನಾವೆಲ್ಲ 'ಮೇಲಿನ ಆಶ್ರಮ' ಎನ್ನುವ ಆಶ್ರಮದ ಅನ್ನಛತ್ರದಲ್ಲಿ ಬಿಟ್ಟು ಹೋದಳು. ಆಗ ಆಶ್ರಮವೆಂದರೆ ಕಲ್ಲಿನ ನಾಲ್ಕು ಕುಟೀರ, ಒಂದು ಹಸು, ಒಬ್ಬ ಮುದಿ ಸ್ವಾಮಿ. ಆ ಸ್ವಾಮಿಯೇ ಹುಡುಗನಿಗೆ ಅಕ್ಷರ ಕಲಿಸಿದರು, ಕಾಶಿಗೆ ಕಳಿಸಿ ವೇದಾಂತ ಓದಿಸಿದರು, ಓದು ಮುಗಿದ ಮೇಲೆ ಆಶ್ರಮದ ಪಾಠಶಾಲೆಗೆ ಆಚಾರ್ಯನಾಗಿ ಕರೆಸಿಕೊಂಡರು. ಮದುವೆಯನ್ನೂ ಅವರೇ ಮಾಡಿಸಿದರು. ಹೆಂಡತಿ ಜಸೋದಾ ಮೊದಲ ಹೆರಿಗೆಯಲ್ಲೇ, ಹಿಮ ಬಿದ್ದು ದಾರಿ ಮುಚ್ಚಿದ್ದ ವಾರದಲ್ಲಿ, ಮಗುವಿನ ಜೊತೆಗೇ ಹೋಗಿಬಿಟ್ಟಳು. ಆಚಾರ್ಯರು ಅವಳ ಚಿತೆಯ ಪಕ್ಕದಲ್ಲಿ ನಿಂತು, ಇದು ನನ್ನ ಪ್ರಾರಬ್ಧ, ನಾನೇ ಉಣ್ಣಬೇಕಾದದ್ದು ಅಂದರಂತೆ. ಮತ್ತೆ ಮದುವೆಯ ಮಾತು ಎತ್ತಲಿಲ್ಲ. ಆಶ್ರಮದ ಹಿಂದಿನ ಒಂದು ಕೋಣೆ, ಒಂದು ಟ್ರಂಕು, ಹಲಗೆಯ ಮೇಲೆ ಸಾಲುಗಟ್ಟಿದ ಪುಸ್ತಕ, ಅಷ್ಟರಲ್ಲೇ ಮೂವತ್ತು ವರ್ಷ ಕಳೆದರು.

ನಾನು ಅವರ ಬಳಿ ಓದಿದ್ದು ಆ ಮೂವತ್ತರ ಕೊನೆಯ ವರ್ಷಗಳಲ್ಲಿ. ಪಾಠದಲ್ಲಿ ಅವರು ಎಂದೂ ದನಿ ಏರಿಸಿದವರಲ್ಲ. ಆತ್ಮ ಯಾವುದು, ಆತ್ಮವೆಂದು ನಾವು ತಪ್ಪು ತಿಳಿಯುವುದು ಯಾವುದು ಎಂಬುದನ್ನು ಅಕ್ಕಿಯಿಂದ ಕಲ್ಲು ಆರಿಸುವ ತಾಳ್ಮೆಯಲ್ಲಿ ಬಿಡಿಸುತ್ತಿದ್ದರು. ಆರಿಸಲು ಬಾರದ ನಮ್ಮಂಥವರಿಗೆ ಮತ್ತೆ ಮೊದಲಿನಿಂದ ಹೇಳಲು ಅವರಿಗೆ ಬೇಸರವಿರಲಿಲ್ಲ.

ಮುದಿ ಸ್ವಾಮಿ ದೇಹ ಬಿಟ್ಟ ಮೇಲೆ ಬಂದವರು ಅಸಂಗದೇವ ಮಹಾರಾಜರು. ಬೆಳ್ಳಗೆ, ಎತ್ತರ, ಜೇನಿನಂಥ ದನಿ. ಅವರು ಬಂದ ಮೇಲೆ ದಿಲ್ಲಿಯಿಂದಲೂ ಸೂರತ್ತಿನಿಂದಲೂ ಕಾರುಗಳು ಬರತೊಡಗಿದವು. ಕುಟೀರಗಳ ಜಾಗದಲ್ಲಿ ಅತಿಥಿಗೃಹ ಎದ್ದಿತು. ಆಮೇಲೆ ಧ್ಯಾನಮಂದಿರದ ಯೋಚನೆ ಹುಟ್ಟಿತು. ನದಿಯ ಕಡೆಗೆ ಗಾಜಿನ ಗೋಡೆ ಇರಬೇಕು, ಕಣ್ಣು ಮುಚ್ಚಿ ಕೂತವರು ಕಣ್ಣು ತೆರೆದರೆ ಗಂಗೆಯೇ ಕಾಣಬೇಕು. ಅದಕ್ಕಾಗಿ ಇಳಿಜಾರಿನ ಅಂಚಿನವರೆಗೂ ಮಣ್ಣು ತುಂಬಿ, ಕೆಳಗೊಂದು ಎತ್ತರದ ತಡೆಗೋಡೆ ಕಟ್ಟಿದರು. ಕಟ್ಟಿದವರು ನೇಪಾಳದಿಂದ ಬಂದ ಕೂಲಿಗಳು. ಅವರ ತಗಡಿನ ಜೋಪಡಿಗಳು ಅದೇ ಗೋಡೆಯ ಬುಡದಲ್ಲಿ, ನದಿಗೂ ಗೋಡೆಗೂ ನಡುವೆ ಇದ್ದವು. ಬೇರೆ ಜಾಗ ಕೊಡಲು ಆಶ್ರಮದ ಕೊಠಾರಿ ಟೀಕಾರಾಮ ಒಪ್ಪಿರಲಿಲ್ಲ. ಉಗ್ರಾಣ, ಕಟ್ಟಡ, ಆಳುಕಾಳು ಎಲ್ಲ ಅವನ ಕೈಯಲ್ಲಿತ್ತು. ಕೂಲಿಗಳ ಬಟ್ಟೆ ಒಣಗುವುದು ಅತಿಥಿಗಳ ಕಣ್ಣಿಗೆ ಬೀಳಬಾರದು ಎಂಬುದು ಅವನ ಕಾಳಜಿ.

ಆಷಾಢದಲ್ಲಿ ಮಳೆ ಹಿಡಿಯಿತು. ಗೋಡೆ ನಡುವಿನಲ್ಲಿ ಹೊಟ್ಟೆ ಬಿಟ್ಟಿತು. ಅದನ್ನು ಕಾಣಲು ಯಾವ ವಿದ್ಯೆಯೂ ಬೇಕಿರಲಿಲ್ಲ. ಸ್ನಾನಕ್ಕೆ ಇಳಿಯುವಾಗ ನಾವೇ ನೋಡಿ, ಗೋಡೆ ಬಸುರಿಯಾಗಿದೆ ಎಂದು ನಕ್ಕಿದ್ದೆವು. ಗುರುಪೂರ್ಣಿಮೆಗೆ ಮಂದಿರದ ಉದ್ಘಾಟನೆ ವೈಭವದಿಂದ ನಡೆಯಿತು. ಅದಾದ ಕೆಲವು ದಿನಕ್ಕೆ, ಮಧ್ಯಾಹ್ನ ಊಟದ ಹೊತ್ತಿನಲ್ಲಿ ಗೋಡೆ ಕುಸಿಯಿತು. ಜೋಪಡಿಗಳನ್ನು ಹೊಸಕಿಕೊಂಡು ಕಲ್ಲುಮಣ್ಣೆಲ್ಲ ನದಿಗೆ ಇಳಿಯಿತು. ಮಂದಿರಕ್ಕೆ ಮಾತ್ರ ಏನೂ ಆಗಲಿಲ್ಲ. ಅದು ಬಂಡೆಯ ಮೇಲೆ ನಿಂತಿತ್ತು. ಗೋಡೆ ಹಿಡಿದಿದ್ದದ್ದು ಅದರ ಮುಂದಿನ ಹೂದೋಟವನ್ನು.

ಸತ್ತವರಲ್ಲಿ ಮೂವರು ಗಂಡಸರು, ಮೂವರೂ ಊಟಕ್ಕೆ ಕೂತಿದ್ದವರು. ಒಬ್ಬ ಹರ್ಕಬಹಾದೂರ್. ಅವನ ಹೆಂಡತಿ ಧನಸರಾ ಕೊಡ ಹಿಡಿದು ಒರತೆಗೆ ಹೋಗಿದ್ದಳು, ಅದರಿಂದ ಬದುಕಿದಳು. ಆರು ವರ್ಷದ ಮಗಳು ಸುನ್ತಲಿ ಅಪ್ಪನ ಜೊತೆ ಒಳಗಿದ್ದಳು. ಗಂಡಸರ ಹೆಣ ಸಂಜೆಯೊಳಗೆ ಸಿಕ್ಕವು. ಮಗುವನ್ನು ನದಿ ಒಯ್ದಿತ್ತು. ಮಳೆಗಾಲದ ಭಾಗೀರಥಿ ತೆಗೆದುಕೊಂಡದ್ದನ್ನು ಹಿಂದಿರುಗಿಸುವುದಿಲ್ಲ.

ಮೂರನೆಯ ದಿನ ಮಹಾರಾಜರು ಆಚಾರ್ಯರನ್ನು ಕರೆದು, ಕೂಲಿಗಳು ತುಂಬ ಅಳುತ್ತಿದ್ದಾರೆ, ಹೋಗಿ ಆತ್ಮದ ಬಗ್ಗೆ, ಕರ್ಮದ ಬಗ್ಗೆ ನಾಲ್ಕು ಮಾತು ಹೇಳಿ ಸಮಾಧಾನ ಮಾಡಿ ಬನ್ನಿ ಎಂದರು. ಆಚಾರ್ಯರು ನನ್ನನ್ನು ಕರೆದುಕೊಂಡು ಹೋದರು. ಉಳಿದ ಕೂಲಿಗಳು ಊರಿನ ಶಾಲೆಯ ಜಗಲಿಯಲ್ಲಿ ಇದ್ದರು. ಧನಸರಾ ಕಂಬಕ್ಕೆ ಒರಗಿ ಕೂತಿದ್ದಳು, ಅಳುತ್ತಿರಲಿಲ್ಲ. ಆಚಾರ್ಯರು ಎದುರು ಕೂತು ಮೆಲ್ಲಗೆ ಶುರು ಮಾಡಿದರು. ದೇಹ ಹೋಗುತ್ತದೆ, ಆತ್ಮಕ್ಕೆ ಸಾವಿಲ್ಲ. ಜೀವ ಹಿಂದೆ ಮಾಡಿದ್ದನ್ನು ಉಂಡು ಮುಗಿಸಿ ಮುಂದಕ್ಕೆ ಹೋಗುತ್ತದೆ. ನಿನ್ನ ಮಗಳ ಋಣ ಅಷ್ಟೇ ಇತ್ತು. ಈ ಮಾತನ್ನು ಅವರು ಎಷ್ಟು ಮನೆಗಳಲ್ಲಿ ಹೇಳಿದ್ದರೋ. ಕೇಳಿದವರು ಕೈ ಮುಗಿಯುತ್ತಿದ್ದರು.

ಧನಸರಾ ಕೈ ಮುಗಿಯಲಿಲ್ಲ. "ಅವಳು ಏನು ಮಾಡಿದ್ಲು ಪಂಡಿತ್‌ಜಿ?" ಎಂದಳು.

"ಅದು ಹಿಂದಿನ ಜನ್ಮದ್ದು ಮಗಳೇ. ನಮಗೆ ಗೊತ್ತಾಗೋದಿಲ್ಲ."

"ಹಿಂದಿನ ಜನ್ಮದ್ದು ಗೊತ್ತಿಲ್ಲ. ಸರಿ. ಗೋಡೆ ಗೊತ್ತಿತ್ತಲ್ಲ? ನಮ್ಮವನು ಹೋಗಿ ಹೇಳಿದಾಗ ನೀವೂ ಅಲ್ಲೇ ಕೂತಿದ್ರಂತೆ. ಬಂದು ಹೇಳಿದ್ದ ನನಗೆ, ಪಂಡಿತ್‌ಜಿನೂ ಇದ್ರು, ಒಳ್ಳೇವರು, ಏನಾದ್ರೂ ಮಾಡ್ತಾರೆ ಅಂತ."

ಆಚಾರ್ಯರು ಎದ್ದು ಜಗಲಿ ಇಳಿದು ನಡೆದುಬಿಟ್ಟರು. ಆ ದಿನ ಛತ್ರದ ಊಟಕ್ಕೆ ಬರಲಿಲ್ಲ.

ಮರುದಿನ ಬೆಳಗ್ಗೆ ಪಾಠ ಇತ್ತು. ಅಂತಃಕರಣದ ಪಾಠ. ಒಳಗಿನ ಒಂದೇ ಕರಣ ನಾಲ್ಕು ಕೆಲಸ ಮಾಡುತ್ತದೆ ಎನ್ನುತ್ತದೆ ಶಾಸ್ತ್ರ. ಹೌದೋ ಅಲ್ಲವೋ ಎಂದು ತೂಗಾಡುವಾಗ ಅದು ಮನಸ್ಸು, ನಿಶ್ಚಯಿಸುವಾಗ ಬುದ್ಧಿ, ನೆನಪನ್ನು ಕೂಡಿಡುವಾಗ ಚಿತ್ತ, ನಾನು ನನ್ನದು ಎನ್ನುವಾಗ ಅಹಂಕಾರ. ಇದನ್ನು ಅವರು ಯಾವಾಗಲೂ ದೂರದಲ್ಲಿ ಕಾಣುವ ಮೋಟುಮರವನ್ನು ಮನುಷ್ಯನೆಂದು ಭ್ರಮಿಸಿದ ದಾರಿಹೋಕನ ಉದಾಹರಣೆಯಿಂದ ತಿಳಿಸುತ್ತಿದ್ದರು. ಆ ದಿನ ಮರವನ್ನೂ ದಾರಿಹೋಕನನ್ನೂ ಬಿಟ್ಟರು.

ಉದ್ಘಾಟನೆಗೆ ಮುಂಚೆ ಒಂದು ಬೆಳಗ್ಗೆ ತಾವು ಮಹಾರಾಜರ ಕೋಣೆಯಲ್ಲಿ ಕೂತು, ಮಂದಿರದ ಅಮೃತಶಿಲೆಯ ಮೇಲೆ ಕೆತ್ತಿಸಬೇಕಾದ ಸಾಲುಗಳನ್ನು ತಿದ್ದುತ್ತಿದ್ದುದಾಗಿ ಹೇಳಿದರು. ಆಗ ಹರ್ಕಬಹಾದೂರ್ ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ. ಗೋಡೆ ಉಬ್ಬಿದೆ, ಮಳೆ ನಿಲ್ಲುವವರೆಗೆ ನಮ್ಮನ್ನು ಗೋಶಾಲೆಯ ಪಕ್ಕಕ್ಕೆ ಬಿಡಿ ಎಂದು ಕೇಳಿದ. ಗೋಶಾಲೆಯ ಪಕ್ಕದಲ್ಲಿ ಅತಿಥಿಗಳ ಕಾರು ನಿಲ್ಲಬೇಕು ಎಂದ ಟೀಕಾರಾಮ. ಮಹಾರಾಜರು ನಕ್ಕು, ಗಂಗಾಮಾತೆಯ ಮಡಿಲಲ್ಲಿ ಇದ್ದೀರಿ, ಭಯ ಯಾಕೆ ಎಂದರು. ಹರ್ಕ ಒಮ್ಮೆ ಆಚಾರ್ಯರ ಕಡೆ ನೋಡಿ ಹೊರಟುಹೋದ.

"ಮನಸ್ಸು ಹೊಯ್ದಾಡಿತು," ಎಂದರು ಆಚಾರ್ಯರು. "ಹೇಳ್ಲಾ ಬೇಡ್ವಾ ಅಂತ. ಬುದ್ಧಿ ಗಟ್ಟಿಯಾಗಿ ಹೇಳ್ತು, ಗೋಡೆ ಬೀಳತ್ತೆ, ಮಾತಾಡು ಅಂತ. ಚಿತ್ತದಲ್ಲಿ ನಮ್ಮಪ್ಪ ಜಾರಿಹೋದ ಇಳಿಜಾರು ಹಾಗೇ ಇತ್ತು. ಆಗ ಅಹಂಕಾರ ಬಾಯಿ ಹಾಕ್ತು. ನೀನು ಆಚಾರ್ಯ, ಮೇಸ್ತ್ರಿ ಅಲ್ಲ. ನಿನ್ನ ಕೆಲಸ ಅಕ್ಷರ ನೋಡೋದು. ನಾನು ಅಕ್ಷರ ನೋಡಿದೆ. ಒಂದು ದೀರ್ಘ ತಪ್ಪಿತ್ತು, ತಿದ್ದಿದೆ. ಬರ್ಕೊಳ್ಳಿ. ಇವತ್ತಿನ ಪಾಠ ಇಷ್ಟೇ."

ನಾವು ಯಾರೂ ಬರೆದುಕೊಳ್ಳಲಿಲ್ಲ. ಬರೆದುಕೊಳ್ಳದಿದ್ದರೂ ಅದೊಂದು ಪಾಠ ನನಗೆ ಅಕ್ಷರ ಬಿಡದೆ ನೆನಪಿದೆ.

ಹದಿಮೂರನೆಯ ದಿನದ ಸತ್ಸಂಗ ಹೊಸ ಮಂದಿರದಲ್ಲೇ ನಡೆಯಿತು. ಗಾಜಿನ ಆಚೆ ಕೆಂಪು ಮಣ್ಣಿನ ಗಾಯ ಹಾಗೇ ಇತ್ತು; ಅದು ಕಾಣದಂತೆ ಪರದೆ ಎಳೆದಿದ್ದರು. ಊರಿನವರು, ಅತಿಥಿಗಳು, ನಾವು ವಿದ್ಯಾರ್ಥಿಗಳು ಎಲ್ಲ ಸೇರಿದ್ದೆವು. ಮಹಾರಾಜರು ಬಹಳ ಸುಂದರವಾಗಿ ಮಾತಾಡಿದರು. ಮೂರು ಜೀವಗಳು ಆಶ್ರಮದ ಮಣ್ಣಿನಲ್ಲಿ, ಗಂಗೆಯ ಪಾದದಲ್ಲಿ ಪ್ರಾರಬ್ಧ ಮುಗಿಸಿಕೊಂಡವು, ಎಂಥ ಪುಣ್ಯ, ಋಷಿಗಳೂ ಬಯಸುವ ಮರಣ. ಅತಿಥಿಗಳಲ್ಲಿ ಕೆಲವರು ಕಣ್ಣು ಒರೆಸಿಕೊಂಡರು. ಸೆರಗಿನಲ್ಲಿ, ರೇಷ್ಮೆಯ ಸೆರಗಿನಲ್ಲಿ.

ಆಚಾರ್ಯರು ಎದ್ದು ನಿಂತರು. "ಮೂರಲ್ಲ ಮಹಾರಾಜ್, ನಾಲ್ಕು," ಎಂದರು.

ಮಹಾರಾಜರು ಮುಗುಳ್ನಕ್ಕರು. "ಆಚಾರ್ಯಜಿ, ಆತ್ಮಕ್ಕೆ ಲೆಕ್ಕ ಎಲ್ಲಿಂದ ಬಂತು? ಅದು ಒಂದೇ ಅಲ್ವಾ?"

"ಒಂದೇ. ಅದನ್ನ ಇಲ್ಲಿ ಮೂವತ್ತು ವರ್ಷ ಪಾಠ ಹೇಳಿದೋನು ನಾನು. ಆತ್ಮದ ಮೇಲೆ ಗೋಡೆ ಬೀಳಲ್ಲ, ಮಗುವಿನ ಮೇಲೆ ಬೀಳುತ್ತೆ. ಆ ಮಗೂಗೆ ಸುನ್ತಲಿ ಅಂತ ಹೆಸರಿತ್ತು. ಆತ್ಮಕ್ಕೆ ಏನೂ ಬೇಕಿಲ್ಲ ಅಂತೀರಲ್ಲ, ಈ ಮಂದಿರ ಯಾರಿಗೆ ಬೇಕಿತ್ತು ಹೇಳಿ."

"ದುಃಖದಲ್ಲಿ ಬುದ್ಧಿ ಮಂಕಾಗುತ್ತೆ. ಕೂತ್ಕೊಳ್ಳಿ. ನಿಮ್ಮ ಮನೆಯವರು ಹೋದಾಗ ನೀವೇ ಪ್ರಾರಬ್ಧ ಅಂದಿದ್ರಂತಲ್ಲ."

ಸಭೆಯಲ್ಲಿ ಒಂದಿಷ್ಟು ಜನ ತಲೆದೂಗಿದರು. ಆಚಾರ್ಯರು ಕೂತುಕೊಳ್ಳಲಿಲ್ಲ.

"ಅಂದಿದ್ದೆ. ನನಗೆ ನಾನೇ ಹೇಳ್ಕೊಂಡಿದ್ದೆ. ಆ ಮಾತು ನನ್ನನ್ನ ಬದುಕಿಸ್ತು. ಆದ್ರೆ ಅವಳನ್ನ ಕೊಂದೋರು ಯಾರೂ ಎದುರಿಗೆ ಕೂತು ಅದನ್ನ ನನಗೆ ಹೇಳ್ಲಿಲ್ಲ ಮಹಾರಾಜ್. ಕರ್ಮ ಅನ್ನೋದು ಅವರವರು ತಮ್ಮ ಕೈ ನೋಡ್ಕೊಂಡು ಆಡೋ ಮಾತು. ಇನ್ನೊಬ್ಬರ ಹೆಣ ನೋಡ್ಕೊಂಡು ಆಡೋದಲ್ಲ. ಆ ಮಗುವಿನ ಹಿಂದಿನ ಜನ್ಮದ ಕರ್ಮ ನಮ್ಮಿಬ್ಬರಿಗೂ ಗೊತ್ತಿಲ್ಲ. ನಮ್ಮಿಬ್ಬರ ಆಷಾಢದ ಕರ್ಮ ಇಬ್ಬರಿಗೂ ಗೊತ್ತಿದೆ."

ಟೀಕಾರಾಮ ಭಜನೆ ಶುರು ಮಾಡಿಸಿದ. ತಾಳಗಳ ಸದ್ದಿನಲ್ಲಿ ಆಚಾರ್ಯರು ಹೊರಗೆ ನಡೆದರು.

ತಹಸೀಲಿನಿಂದ ವಿಚಾರಣೆಗೆ ಅಧಿಕಾರಿ ಬಂದರು. ಬರುವ ಮುಂಚೆ ಟೀಕಾರಾಮ ಆಚಾರ್ಯರ ಕೋಣೆಗೆ ಹೋಗಿ, ನದಿಯ ಕಡೆಗಿರುವ ಹೊಸ ಕೋಣೆಯೊಂದು ಖಾಲಿ ಇದೆ, ನಿಮ್ಮ ಮೊಣಕಾಲಿಗೆ ಈ ತೇವದ ಕೋಣೆ ಒಳ್ಳೆಯದಲ್ಲ ಎಂದನಂತೆ. ಆಚಾರ್ಯರು, ಆ ಕೋಣೆ ಆಷಾಢದಲ್ಲೂ ಖಾಲಿಯೇ ಇತ್ತಲ್ಲ ಎಂದು ಕೇಳಿದರಂತೆ. ವಿಚಾರಣೆಯ ದಿನ ಮಹಾರಾಜರು ಮೌನವ್ರತ ಹಿಡಿದರು. ಅಷ್ಟು ವರ್ಷ ದಿನಕ್ಕೆರಡು ಪ್ರವಚನ ಮಾಡಿದವರಿಗೆ ಸರಿಯಾಗಿ ಅದೇ ವಾರ ಮೌನ ಬೇಕಾಯಿತು. ಅಧಿಕಾರಿ ಪಾದ ಮುಟ್ಟಿ ನಮಸ್ಕರಿಸಿ ಬಂದರು. ಟೀಕಾರಾಮ, ಕೂಲಿಗಳು ನಮ್ಮ ಮಾತು ಮೀರಿ ಅಲ್ಲಿ ಜೋಪಡಿ ಹಾಕಿಕೊಂಡಿದ್ದರು ಎಂದು ಹೇಳಿಕೆ ಕೊಟ್ಟ. ಆಚಾರ್ಯರು ತಾವು ಕಂಡದ್ದನ್ನೂ ಕೇಳಿದ್ದನ್ನೂ ಹೇಳಿದರು. ತಾವು ಸುಮ್ಮನೆ ಕೂತದ್ದನ್ನೂ ಹೇಳಿದರು. ಅದು ಬೇಡ ಪಂಡಿತ್‌ಜಿ, ವಿಷಯಕ್ಕೆ ಸಂಬಂಧವಿಲ್ಲ ಎಂದರು ಅಧಿಕಾರಿ. ಅದೇ ವಿಷಯ, ಬರೆದುಕೊಳ್ಳಿ ಎಂದು ಇವರು ಪಟ್ಟು ಹಿಡಿದರು.

ಸಂಜೆ ಅವರ ಟ್ರಂಕು, ಪುಸ್ತಕಗಳು ಆಶ್ರಮದ ಮೆಟ್ಟಿಲ ಮೇಲೆ ಮಳೆಯಲ್ಲಿ ನೆನೆಯುತ್ತಿದ್ದವು.

ಊರು ಏನು ಮಾಡಿತು ಎಂದು ಕೇಳಬಹುದು. ಊರು ಚಹಾ ಕುಡಿಯಿತು. ಮೂವತ್ತು ವರ್ಷ ಆಶ್ರಮದ ಉಪ್ಪು ತಿಂದ ಬ್ರಾಹ್ಮಣ, ಡೋಟಿಯಾಲರ ಹೆಂಗಸಿನ ಮಾತು ಕಟ್ಟಿಕೊಂಡು ಗುರುಪೀಠಕ್ಕೆ ಕೆಸರೆರಚಿದ ಎಂದಿತು. ನಮ್ಮ ಕಡೆ ನೇಪಾಳದ ಕೂಲಿಗಳನ್ನು ಡೋಟಿಯಾಲರು ಎನ್ನುತ್ತಾರೆ. ಬೆನ್ನ ಮೇಲೆ ನಮ್ಮ ಗ್ಯಾಸ್ ಸಿಲಿಂಡರು, ನಮ್ಮ ಮುದುಕರು, ನಮ್ಮ ಮನೆಯ ಕಲ್ಲು ಎಲ್ಲವನ್ನೂ ಹೊರುವವರು ಅವರೇ. ಆಶ್ರಮದಿಂದ ಒಂದಲ್ಲ ಒಂದು ರೀತಿ ಬದುಕುವ ಅಂಗಡಿಯವರು ಆಚಾರ್ಯರ ನಮಸ್ಕಾರಕ್ಕೂ ಉತ್ತರ ಕೊಡದಾದರು. ಬಸ್ ನಿಲ್ದಾಣದ ಹತ್ತಿರ ಕಂಬಳಿ ಅಂಗಡಿಯ ಮೇಲೆ ಒಂದು ಕೋಣೆ ಸಿಕ್ಕಿತು. ಪಾಠಶಾಲೆಯಿಂದ ನಾವು ಮೂವರು ಅಲ್ಲಿಗೆ ಹೋಗಿ ಓದು ಮುಂದುವರಿಸಿದೆವು. ಉಳಿದವರಿಗೆ ಅನ್ನ ಆಶ್ರಮದಲ್ಲೇ ಇತ್ತು, ಅವರನ್ನು ನಾನು ದೂರುವುದಿಲ್ಲ.

ವಿಚಾರಣೆಯ ತೀರ್ಮಾನ ಬಂದಾಗ ಅದರಲ್ಲಿ ಸತ್ತವರು ಮೂವರು. ಹೆಣ ಸಿಗದಿದ್ದರೆ ಸಾವಿಲ್ಲ; ಮಗು ಆ ಹೊತ್ತಿನಲ್ಲಿ ಅಲ್ಲಿ ಇದ್ದದ್ದಕ್ಕೆ ಸಾಕ್ಷಿಯಿಲ್ಲ; ಇದ್ದರೂ ಕೆಲಸದವಳಲ್ಲ. ಕಣ್ಣಿಗೆ ಕಾಣದ ಆತ್ಮಕ್ಕೆ ನಮ್ಮೂರಿನಲ್ಲಿ ಯಾರೂ ಸಾಕ್ಷಿ ಕೇಳಿದ್ದಿಲ್ಲ. ಎಲ್ಲರ ಕಣ್ಣೆದುರು ಓಡಾಡಿದ, ಆಶ್ರಮದ ಅಂಗಳದಲ್ಲಿ ಬಿದ್ದ ಅಖರೋಟು ಆರಿಸಿಕೊಂಡು ಬೈಸಿಕೊಳ್ಳುತ್ತಿದ್ದ ಹುಡುಗಿಗೆ ಸಾಕ್ಷಿ ಬೇಕಾಯಿತು. ಇದನ್ನು ಓದಿ ಹೇಳಿದ ದಿನ ಧನಸರಾ ಮೊದಲ ಬಾರಿಗೆ ಅತ್ತಳು. ಅವಳ ಕಡೆಯವರು ಊರಿಗೆ ಹೊರಡಲು ಗಂಟು ಕಟ್ಟಿದ್ದರು. ಮಗಳು ಸತ್ತವಳು ಅಂತಾನಾದ್ರೂ ಅವರು ಬರೆಯೋವರೆಗೆ ನಾನು ಬರಲ್ಲ ಎಂದು ಅವಳು ಉಳಿದುಕೊಂಡಳು.

ಆಚಾರ್ಯರು ಅವಳನ್ನು ಕರೆದುಕೊಂಡು ಜಿಲ್ಲಾ ಕಚೇರಿಗೆ ಅಲೆದರು. ಬಸ್ಸಿನಲ್ಲಿ ಅವಳು ಒಂದು ಸೀಟಿನಲ್ಲಿ, ಇವರು ಹಿಂದಿನ ಸೀಟಿನಲ್ಲಿ. ಕಚೇರಿಯಲ್ಲಿ ಇವರನ್ನು ಕಂಡರೆ ಗುಮಾಸ್ತರು, ಬಂದರು ಬ್ರಹ್ಮಜ್ಞಾನಿಗಳು ಎಂದು ನಗುತ್ತಿದ್ದರು. ಒಬ್ಬ, ಪಂಡಿತ್‌ಜಿ ಜಗತ್ತೇ ಮಿಥ್ಯೆ ಅಂದ ಮೇಲೆ ಈ ಅರ್ಜಿ ಯಾಕೆ ಎಂದು ಕೆಣಕಿದ. ನಿನ್ನ ಸಂಬಳವೂ ಮಿಥ್ಯೆಯೇ, ಬಿಡುತ್ತೀಯಾ ಎಂದು ಇವರು ಕೇಳಿದ ಮೇಲೆ ನಗು ಸ್ವಲ್ಪ ಕಡಿಮೆಯಾಯಿತು.

ಸಾಕ್ಷಿಗಾಗಿ ಊರಿನಲ್ಲಿ ಮನೆಮನೆ ಹತ್ತಿ ಇಳಿದೆವು. ಆ ಮಧ್ಯಾಹ್ನ ಮಗುವನ್ನು ನೋಡಿದವರು ಯಾರೂ ಇರಲಿಲ್ಲ, ಇದ್ದವರಿಗೆ ನೆನಪಿರಲಿಲ್ಲ. ಕೊನೆಗೆ ದಕ್ಕಿದ್ದು ಎದುರು ದಂಡೆಯ ಹಳ್ಳಿಯಲ್ಲಿ. ಆ ದಿನ ನದಿಯಾಚೆಯ ಇಳಿಜಾರಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸರು, ಹಳದಿ ಫ್ರಾಕಿನ ಹುಡುಗಿ ಜೋಪಡಿಯೊಳಗೆ ಓಡಿದ್ದನ್ನು ನೋಡಿದ್ದರು. ಗೋಡೆ ಬಂದದ್ದನ್ನೂ ನೋಡಿದ್ದರು. ಕೂಗಿಕೊಂಡಿದ್ದರು, ನದಿಯ ಮೊರೆತದಲ್ಲಿ ಯಾರಿಗೂ ಕೇಳಿರಲಿಲ್ಲ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ನಾನು ಸಿಟ್ಟಿನಿಂದ ಕೇಳಿದೆ. ಅವರಲ್ಲಿ ಹಿರಿಯಳು, ಸೊಂಟದಲ್ಲಿ ಕುಡುಗೋಲು ಸಿಕ್ಕಿಸಿಕೊಂಡವಳು, "ನಮ್ಮನ್ನ ಯಾರು ಕೇಳಿದ್ರು ತಮ್ಮಾ?" ಎಂದಳು.

ಅವರು ಐದಾರು ಮಂದಿ ತೂಗುಸೇತುವೆ ದಾಟಿ, ಒಂದು ದಿನದ ಹುಲ್ಲು ಬಿಟ್ಟು, ಜಿಲ್ಲಾ ಕಚೇರಿಗೆ ಬಂದರು. ಅಷ್ಟರಲ್ಲಿ ಹೊಸ ಅಧಿಕಾರಿ ಬಂದಿದ್ದರು. ಹೆಂಗಸರು ಒಬ್ಬರಾದ ಮೇಲೊಬ್ಬರು ಅದನ್ನೇ ಹೇಳಿದರು, ಅಳುಕದೆ ಹೇಳಿದರು. ನಾಲ್ಕನೆಯ ಹೆಸರು ಸೇರಿತು. ಸುನ್ತಲಿ, ತಂದೆ ಹರ್ಕಬಹಾದೂರ್, ಆರು ವರ್ಷ.

ನ್ಯಾಯ ಎಂದರೆ ಅಷ್ಟೇ ಆದದ್ದು. ಟೀಕಾರಾಮ ಕೆಲವು ತಿಂಗಳು ಜೈಲಿನಲ್ಲಿದ್ದು ಬಂದ. ಗೋಡೆ ಕಟ್ಟಿಸಿದ ಗುತ್ತಿಗೆದಾರನ ಮೇಲಿನ ಮೊಕದ್ದಮೆ ಇಂದಿಗೂ ಎಳೆದಾಡುತ್ತಿದೆ. ಮಹಾರಾಜರ ಹೆಸರು ಎಲ್ಲಿಯೂ ಬರಲಿಲ್ಲ. ಮೌನ ಮುರಿದ ದಿನ ಅವರಿಗೆ ದೊಡ್ಡ ಪೂಜೆ ನಡೆಯಿತು. ಧ್ಯಾನಮಂದಿರದಲ್ಲಿ ಈಗಲೂ ಜನ ಕಣ್ಣು ಮುಚ್ಚಿ ಕೂರುತ್ತಾರೆ. ಹೊಸ ತಡೆಗೋಡೆಯ ಕೆಳಗೆ ಮಾತ್ರ ಯಾರನ್ನೂ ಇರಿಸುವುದಿಲ್ಲ. ಯಾಕೆಂದು ಅಲ್ಲಿ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

ಧನಸರಾ ಊರಿಗೆ ಹೋಗಲಿಲ್ಲ. ಬಸ್ ನಿಲ್ದಾಣದ ಹೋಟೆಲಿನಲ್ಲಿ ರೊಟ್ಟಿ ಬೇಯಿಸುವ ಕೆಲಸಕ್ಕೆ ಸೇರಿದಳು. ಸಂಜೆ ಆಚಾರ್ಯರ ಕೋಣೆಯಲ್ಲಿ ಡ್ರೈವರುಗಳು, ಪೋಸ್ಟ್‌ಮ್ಯಾನ್, ನಾನು, ಯಾರು ಬಂದರೆ ಅವರಿಗೆ ಪಾಠ ನಡೆಯುತ್ತಿತ್ತು. ಅವಳನ್ನೂ ಒಮ್ಮೆ ಯಾರೋ ಕರೆದರು. ಅವಳು ಬಾಗಿಲಲ್ಲೇ ರಾಗಿ ರೊಟ್ಟಿ, ಹುರುಳಿಯ ಸಾರಿನ ಡಬ್ಬಿ ಇಟ್ಟು, "ನಿಮ್ಮ ಪಾಠ ನನಗೆ ಬೇಡ ಪಂಡಿತ್‌ಜಿ. ಆರೋಕೆ ಮುಂಚೆ ತಿನ್ನಿ," ಎಂದು ಇಳಿದುಹೋದಳು.

ಅವಳು ಅವರನ್ನು ಕ್ಷಮಿಸಿದಳೇ ಎಂದು ನನಗೆ ಗೊತ್ತಿಲ್ಲ. ಒಮ್ಮೆ ಆಚಾರ್ಯರು ಜ್ವರದಲ್ಲಿ ಮಲಗಿದ್ದಾಗ, ನನ್ನೆದುರಿಗೇ ಅವಳಿಗೆ, ನಿನ್ನ ಹತ್ತಿರ ಕ್ಷಮೆ ಕೇಳುವ ಹಕ್ಕೂ ನನಗಿಲ್ಲ ಮಗಳೇ ಎಂದರು. "ಕೇಳ್ಬೇಡಿ," ಎಂದಳು ಅವಳು, ಅವರ ಹಣೆಯ ಬಟ್ಟೆ ಬದಲಿಸುತ್ತಾ. ಅವರು ಆ ಮಾತು ಮತ್ತೆ ಎತ್ತಲಿಲ್ಲ.

ಕಳೆದ ಮಾಘದಲ್ಲಿ ಆಚಾರ್ಯರು ಹೋದರು. ಮಕ್ಕಳಿಲ್ಲದ್ದರಿಂದ ಬೆಂಕಿ ಕೊಡುವುದು ನನ್ನ ಪಾಲಿಗೆ ಬಂತು. ಆಶ್ರಮದಿಂದ ಒಬ್ಬ ಬ್ರಹ್ಮಚಾರಿ ಕಾವಿ ಶಾಲು ತಂದ. ಮಹಾರಾಜ್‌ಜಿ ಕಳಿಸಿದ್ದಾರೆ, ಆಚಾರ್ಯರ ಪ್ರಾರಬ್ಧ ಮುಗಿಯಿತು ಎಂದು ಹೇಳಲು ಹೇಳಿದ್ದಾರೆ ಎಂದ. ನಾನು ಶಾಲನ್ನು ಮಡಿಸಿ ಅವನ ಕೈಗೇ ಇಟ್ಟೆ. ಅವನು ಅದನ್ನು ಹಿಡಿದುಕೊಂಡು ಹೊರಟುಹೋದ.

ನಮ್ಮಲ್ಲಿ ಹೆಂಗಸರು ಚಿತೆಯ ಹತ್ತಿರ ಬರುವುದಿಲ್ಲ, ನದಿಗಿಳಿಯುವ ಮೇಲಿನ ಮೆಟ್ಟಿಲಲ್ಲೇ ನಿಲ್ಲುತ್ತಾರೆ. ಧನಸರಾ ನಿಲ್ಲಲಿಲ್ಲ. ಹೋಟೆಲಿನ ಒಲೆಗೆಂದು ಒಡೆದಿದ್ದ ದೇವದಾರು ಸೌದೆಯನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಇಳಿದು ಬಂದಳು. ಪುರೋಹಿತ ಅವಳ ಮುಖ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅವಳು ಹೊರೆ ಬಿಚ್ಚಿ, ಒಂದೊಂದೇ ಸೌದೆಯನ್ನು ಕಾಲಿನ ಕಡೆಯಿಂದ ಒಟ್ಟಿದಳು.